ಬೇಡ ಎನ್ನುವ ಗುಂಡಿ

ಗೆಳೆಯರೇ, ನಮ್ಮ ಮನೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಬೇಕಂತೆ. ಪರದೆಯ ಮೇಲೆ ಎರಡೇ ಗುಂಡಿ: ‘ಈಗ’, ‘ಆಮೇಲೆ’. ರಿಪೇರಿಯ ಶಿವಪ್ಪನನ್ನು ಕರೆಸಿ, “ಬೇಡ ಅನ್ನೋ ಗುಂಡಿ ಎಲ್ಲೈತಪ್ಪಾ?” ಎಂದೆ.

“ಅಂಥಾದ್ದು ಕೊಟ್ಟೇ ಇಲ್ರೀ ಅಣ್ಣಾರ. ಹೊಸದು ಹಾಕಿದ್ರ ನೆಟ್ಟಿನ್ಯಾಗಿನ ಕಳ್ಳರು ಒಳಗ ಬರಂಗಿಲ್ಲ. ಆದ್ರ ಹಳೇ ಸಾಫ್ಟ್‌ವೇರ್ ಅದರಾಗ ನಡೆಯಂಗಿಲ್ಲ, ಅಕ್ಕಾರ ಸೀರಿ ಅಂಚಿನ ಡಿಸೈನೂ ತೆರೆಯಂಗಿಲ್ಲ.”

ಆ ಅಂಚುಗಳನ್ನು ನನ್ನ ಹೆಂಡತಿ ವರ್ಷಗಟ್ಟಲೆ ಕೂತು ಬರೆದಿದ್ದಾಳೆ. ನಮ್ಮ ಮಗ್ಗ ನಡೆಯುವುದೇ ಅವುಗಳಿಂದ.

“ಕಳ್ಳ ಬರಬಾರದಂತ ಬೀಗ ಹಾಕಿ, ನನ್ನೇ ಹೊರಗ ನಿಂದ್ರಸ್ತಿಯೇನು?” ಎಂದು ಅವಳು ಅವನನ್ನು ಕೇಳಿದಳು.

‘ಆಮೇಲೆ’ ಒತ್ತಿದೆ. ನಾಳೆ ಮತ್ತೆ ಕೇಳುತ್ತದಂತೆ. ಕೇಳಲಿ. ಗಡಿಯೂರು ನಾರಾಯಣಪೇಟೆಯ ಇದೇ ಮನೆಯಲ್ಲಿ ಕುಳಿತಲ್ಲೇ ನಮ್ಮ ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು. ಆಗ ನಮಗೆ ‘ಆಮೇಲೆ’ ಎಂಬ ಗುಂಡಿಯನ್ನೂ ಯಾರೂ ಕೊಟ್ಟಿರಲಿಲ್ಲ.