ಚಿಕ್ಕಮುನಿಯಮ್ಮ ನೋಡಿದ ಕಣ್ಣು

ಚಿಕ್ಕಮುನಿಯಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಪೀಣ್ಯದ ಕಾರ್ಖಾನೆಗಳ ಹಿಂದುಗಡೆ, ಇನ್ನೂ ಹಳ್ಳಿಯಾಗಿಯೇ ಉಳಿದ ಗಲ್ಲಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುತ್ತಿದ್ದ, ಗಂಡ ಸತ್ತ ಹೆಂಗಸು. ಸಿಟ್ಟಿಲ್ಲದೆ ಬದುಕುವುದಾದರೂ ಹೇಗೆ? ಆದರೆ ಒಂದು ಬೆಳಗ್ಗೆ ಆ ಸಿಟ್ಟು ಕೈಗಿಳಿಯಿತು. ಒಂಬತ್ತು ವರ್ಷದ ಮಗ ಶಶಿಕುಮಾರ ಕ್ಯಾನು ಉರುಳಿಸಿ ಅಷ್ಟೂ ಹಾಲನ್ನು ಅಂಗಳಕ್ಕೆ ಚೆಲ್ಲಿದ. ಅವಳು ಕೈಲಿದ್ದ, ಹಾಲಳೆಯುವ ಹಿತ್ತಾಳೆಯ ಪಾವನ್ನು ಬೀಸಿ ಒಗೆದಳು. ಅದು ಹೋಗಿ ಅವನ ಬಲಗಣ್ಣಿಗೇ ಬಡಿಯಬೇಕೇ!

ದೃಷ್ಟಿ ಉಳಿಯಿತು. ಕಣ್ಣಿನ ನಡುವಿನ ಕರಿ ಪಾಪೆ ಮಾತ್ರ ಅಗಲವಾಗಿ ಹಿಗ್ಗಿದ್ದು ಮತ್ತೆ ಕುಗ್ಗಲಿಲ್ಲ. ಬೆಳಕು ಬಿದ್ದಾಗ ಪಾಪೆಯನ್ನು ಸಣ್ಣದಾಗಿಸುವ ಪುಟ್ಟ ಸ್ನಾಯು ಹರಿದುಹೋಗಿದೆ, ಇನ್ನು ಇದು ಹೀಗೇ, ಪ್ರಾಣಕ್ಕೇನೂ ಭಯವಿಲ್ಲ ಎಂದರು ಕಣ್ಣಿನ ಡಾಕ್ಟರು. ಏನು ತಾಗಿತು ಎಂದು ಅವರು ತಾಯಿಯನ್ನು ಕೇಳಿದರು. ಹುಡುಗನೇ "ಚಿನ್ನಿದಾಂಡು ಆಡುವಾಗ" ಎಂದುಬಿಟ್ಟ. ಬಸ್ಸಿನಲ್ಲಿ ವಾಪಸು ಬರುವಾಗ ಅವಳ ತೊಡೆಯ ಮೇಲೆಯೇ ತಲೆಯಿಟ್ಟು ಮಲಗಿದ. ಅವನು ದೂರಿದ್ದರೆ, ಅತ್ತಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಇಪ್ಪತ್ತೆರಡು ವರ್ಷ ಜನ ಆ ಕಣ್ಣನ್ನು ಆಡಿಕೊಂಡರು. ಶಾಲೆಯಲ್ಲಿ ಅವನ ಹೆಸರು ‘ಒಂದೂಕಾಲು’. ಮೊದಲ ಕೆಲಸಕ್ಕೆ ಹೋದ ದಿನ ಗೇಟಿನ ಸೆಕ್ಯುರಿಟಿಯವನು "ಏನ್ ಗುರು, ಬೆಳಗ್ಗೆನೇ ಗಾಂಜಾನಾ?" ಎಂದು ಹತ್ತು ಜನರೆದುರು ಬಾಯಿ ಮೂಸಿ ನೋಡಿದ. ಹೆಣ್ಣು ನೋಡಲು ಹೋದರೆ ಮೂರು ಮನೆಯವರು ಕಾಫಿ ಕೊಟ್ಟು, ಆಮೇಲೆ ಹುಡುಗನ ನೋಟ ಸರಿಯಿಲ್ಲವೆಂದು ಹೇಳಿಕಳಿಸಿದರು. ನಾಲ್ಕನೆಯ ಮನೆಯ ಶೋಭಾರಾಣಿ ಮಾತ್ರ "ನೋಟಕ್ಕೇನಾಗೈತೆ? ನನ್ನೇ ನೋಡ್ತಿದ್ರಲ್ಲ" ಎಂದು ನಕ್ಕು ಒಪ್ಪಿದಳು. ಆ ಹೆಂಡತಿಗೂ ಶಶಿ ಹೇಳಿದ್ದು ಅದೇ ಚಿನ್ನಿದಾಂಡಿನ ಕತೆ. ಚಿಕ್ಕಮುನಿಯಮ್ಮ ದಿನಾ ಬೆಳಗ್ಗೆ ಕಾಫಿ ಕೊಡುವ ನೆಪದಲ್ಲಿ ಮಗನ ಕಣ್ಣು ನೋಡುವಳು. ಬಲದ್ದು ದೊಡ್ಡದು, ಎಡದ್ದು ಚಿಕ್ಕದು. ‘ಎರಡೂ ಸಮ ಮಾಡಪ್ಪ ಮುನೇಶ್ವರ, ನನ್ನ ಪಾಪ ತೊಳೆದುಬಿಡು’ ಎಂದು ಬೇಡಿಕೊಂಡು ಒಳಗೆ ಹೋಗುವಳು. ಅವಳು ದೇವರಲ್ಲಿ ಬೇರೇನನ್ನೂ ಕೇಳಿದವಳಲ್ಲ.

ಕಳೆದ ವರ್ಷ ಒಂದು ಶನಿವಾರ ಮಧ್ಯಾಹ್ನ, ಶಶಿ ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನಲ್ಲಿ ಭಾರ ಎತ್ತುವ ಸರಪಳಿಯ ಕೊಕ್ಕೆ ತೂಗಿ ಬಂದು ಅವನ ಎಡಗಿವಿಯ ಮೇಲ್ಗಡೆ ತಲೆಗೆ ಬಡಿಯಿತು. ಬಿದ್ದ, ಎದ್ದ, ನೀರು ಕುಡಿದ. ಹೊಸದಾಗಿ ಸೇರಿದ್ದವನೊಬ್ಬ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, "ಸಾರ್, ಒಂದ್ ಪಾಪೆ ದೊಡ್ಡದಾಗೈತೆ, ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ" ಎಂದು ಗಾಬರಿಯಾದ. ಸೂಪರ್‌ವೈಸರ್ ಮುತ್ತಣ್ಣ ಬಿದ್ದು ಬಿದ್ದು ನಕ್ಕ.

"ಅವಂದು ಚಿಕ್ಕಂದಿನಿಂದ ಅಂಗೇ ಕಣೋ. ಒಂದೂಕಾಲು! ಮನೆಗೋಗಿ ಮಲ್ಕೋ ಮಗಾ, ಸೋಮವಾರ ಬಾ."

ಸುತ್ತ ನಿಂತವರೆಲ್ಲ ನಕ್ಕರು. ಶಶಿಯೂ ನಕ್ಕ. ಪಾಪ, ಅವನಿಗೆ ಅಭ್ಯಾಸವಾಗಿಹೋಗಿತ್ತು.

ಮನೆಗೆ ಬಂದವನು ತಲೆ ಸಿಡಿಯುತ್ತಿದೆ ಎಂದ, ಒಂದು ಸಲ ವಾಂತಿ ಮಾಡಿದ. "ಏನಾಯ್ತಪ್ಪ?" ಎಂದು ತಾಯಿ ಕೇಳಿದರೆ "ಸ್ವಲ್ಪ ತಾಗ್ತು ಕಣಮ್ಮ, ಅಷ್ಟೇ" ಎಂದು ಮಾತ್ರೆ ನುಂಗಿ ಮಲಗಿದ. ಐದು ಗಂಟೆಗೆ ಅವಳು ಕಾಫಿ ತಂದು ಎಬ್ಬಿಸಿದಳು. ರೆಪ್ಪೆಗಳು ಅರ್ಧ ತೆರೆದವು, ಏನೋ ತೊದಲಿದ. ಕಿಟಕಿಯ ಬಿಸಿಲು ನೇರ ಮುಖದ ಮೇಲಿತ್ತು. ಚಿಕ್ಕಮುನಿಯಮ್ಮ ಬಗ್ಗಿ ನೋಡಿದಳು, ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಎರಡೂ ಪಾಪೆ ಸಮ!

"ಬಸಕ್ಕಾ! ಓಡ್ ಬಾರೇ!" ಎಂದು ಮಹಡಿಯ ಬಾಡಿಗೆಯವಳನ್ನು ಕೂಗಿದಳು. ಹಾವೇರಿ ಕಡೆಯ ಬಸಕ್ಕ ಇಳಿದು ಬಂದು ನೋಡಿ, "ಹೌದ್ ನೋಡ್ರಿ ಯವ್ವಾ, ಎರಡೂ ಸಮ ಆಗ್ಯಾವು!" ಎಂದು ಕೈಮುಗಿದಳು.

"ಏಟು ಬಿದ್ದು ಕೆಟ್ಟಿದ್ದು ಏಟು ಬಿದ್ದೇ ಸರಿಯಾಯ್ತು ಕಣೇ" ಎನ್ನುತ್ತ ಚಿಕ್ಕಮುನಿಯಮ್ಮ ಗಳಗಳ ಅತ್ತಳು.

ಅಯ್ಯೋ ತಾಯಿ, ದೊಡ್ಡದು ಚಿಕ್ಕದಾಯಿತೋ, ಚಿಕ್ಕದು ದೊಡ್ಡದಾಯಿತೋ ಎಂದು ಒಂದು ಗಳಿಗೆ ಯೋಚಿಸಬಾರದಿತ್ತೇ! ಯೋಚಿಸಲಿಲ್ಲ. ಇಷ್ಟು ವರ್ಷ ಬೇಡಿದ್ದು ಕಣ್ಣೆದುರು ಬಂದಾಗ ಯಾರು ಅಳತೆ ಹಿಡಿಯುತ್ತಾರೆ? ದೇವರಿಗೆ ದೀಪ ಹಚ್ಚಿದಳು. ತುಪ್ಪದಲ್ಲಿ ಶಾವಿಗೆ ಹುರಿದು ಪಾಯಸ ಮಾಡಿ, ನಾಲ್ಕು ಮನೆಗೆ ಬಸಕ್ಕನ ಕೈಲಿ ಕಳಿಸಿದಳು. ಒಳಗಿನಿಂದ ಜೋರು ಗೊರಕೆ ಕೇಳಿಸುತ್ತಿತ್ತು. ವಾರವೆಲ್ಲ ದುಡಿದ ಮೈ, ನೆಮ್ಮದಿಯಾಗಿ ಮಲಗಲಿ ಎಂದು ಕೋಣೆಯ ಬಾಗಿಲು ಮುಂದೆ ಮಾಡಿದಳು.

ಏಳು ಗಂಟೆಗೆ ಶೋಭಾರಾಣಿ ಗಾರ್ಮೆಂಟ್ಸ್ ಕೆಲಸದಿಂದ ಬಂದಳು. "ನಿನ್ ಗಂಡನ ಕಣ್ಣು ಸರಿಹೋಯ್ತು ಕಣಮ್ಮ, ಮೊದ್ಲು ಬಾಯಿ ಸಿಹಿ ಮಾಡ್ಕೋ" ಎಂದು ಅತ್ತೆ ಬಾಗಿಲಲ್ಲೇ ಬಟ್ಟಲು ಹಿಡಿದಳು. ಸೊಸೆ ಬಟ್ಟಲು ಮುಟ್ಟದೆ ಒಳಗೆ ಹೋಗಿ, ಲೈಟ್ ಹಾಕಿ, ಗಂಡನ ರೆಪ್ಪೆ ಎತ್ತಿ ನೋಡಿದಳು.

"ಅತ್ತೆ, ಸರಿಹೋಗಿಲ್ಲ! ಎಡಗಣ್ಣೂ ಬಲಗಣ್ಣಿನಂಗೇ ದೊಡ್ಡದಾಗೈತೆ. ಕೂಗಿದ್ರೂ ಏಳ್ತಿಲ್ಲ ಇವ್ರು!"

ಆಟೋ ಹಿಡಿದು ಆಸ್ಪತ್ರೆ ಸೇರಿದರು. ತಲೆಬುರುಡೆಯೊಳಗೆ ರಕ್ತ ಸೋರಿ ಮಿದುಳನ್ನು ಒತ್ತುತ್ತಿದೆ, ಆ ಒತ್ತಡಕ್ಕೇ ಎಡಗಣ್ಣಿನ ಪಾಪೆ ಹಿಗ್ಗಿದ್ದು, ಅದು ಹಿಗ್ಗಿದ ಕೂಡಲೇ ತಂದಿದ್ದರೆ ತಲೆ ತೆರೆದು ಉಳಿಸಲು ನೋಡಬಹುದಿತ್ತು ಎಂದರು ಡಾಕ್ಟರು. ಭಾನುವಾರ ಬೆಳಗ್ಗೆ ಶಶಿ ಹೋದ.

ಪೊಲೀಸ್ ಕೇಸಾದ್ದರಿಂದ ಎಲ್ಲ ಬರೆದುಕೊಳ್ಳಲು ಡ್ಯೂಟಿ ಡಾಕ್ಟರೊಬ್ಬ ಬಂದ. ಮಗನ ವಯಸ್ಸಿನವನೇ. ಬಲಗಣ್ಣಿನ ಹಳೆಯ ಗಾಯ ಯಾವುದು ಎಂದು ಕೇಳಿದ.

"ಚಿನ್ನಿದಾಂಡು ಆಡುವಾಗ ತಗುಲಿದ್ದು" ಎಂದಳು ಶೋಭಾರಾಣಿ, ಅಳುತ್ತಲೇ.

"ಅಲ್ಲ" ಎಂದಳು ಚಿಕ್ಕಮುನಿಯಮ್ಮ. ಇಪ್ಪತ್ತೆರಡು ವರ್ಷದಿಂದ ಗಂಟಲಲ್ಲಿದ್ದದ್ದು ಹೊರಗೆ ಬಂತು. "ನಾನೇ ಪಾವು ಬೀಸಿ ಒಗ್ದೆ. ನಾನೇ ಮಗೀನ ಕಣ್ಣು ಕಳ್ದಿದ್ದು."

ಸೊಸೆ ತಲೆಯೆತ್ತಿ ಅತ್ತೆಯ ಮುಖವನ್ನೇ ನೋಡಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಲಿಲ್ಲ.

"ಅದು ಬಿಡೀಮ್ಮ, ಅದರಿಂದ ಏನೂ ಆಗಿಲ್ಲ. ಎಡಗಣ್ಣು ದೊಡ್ಡದಾಗಿದ್ದನ್ನ ಮೊದಲು ನೋಡಿದ್ದು ಯಾರು? ಎಷ್ಟು ಗಂಟೆಗೆ?"

"ನಾನೇ" ಎಂದಳು. "ಐದು ಗಂಟೆಗೆ. ನೋಡ್ಬಿಟ್ಟು ಪಾಯಸ ಮಾಡ್ದೆ."