ಎಲೆ ಅಡಿಕೆ ಕೊಟ್ಟು ಟೀಮು ಕಟ್ಟಿದ ಮಿಸ್

ಸುನಂದಾ ಮಿಸ್ ಬೇಸ್‌ಬಾಲ್ ಟೀಮಿಗೆ ಹುಡುಗಿಯರನ್ನು ಕರೆಯುತ್ತಿದ್ದುದು ಥೇಟ್ ಮದುವೆಗೆ ಕರೆದ ಹಾಗೆ. ಕಂಕುಳಲ್ಲಿ ಬ್ಯಾಟು, ಕೈಯಲ್ಲಿ ಕುಂಕುಮದ ಭರಣಿ, ಬ್ಯಾಗಿನ ತುಂಬ ಎಲೆ ಅಡಿಕೆ. ಚನ್ನರಾಯಪಟ್ಟಣದ ನಮ್ಮ ಹೈಸ್ಕೂಲಿಗೆ ಪಿ.ಟಿ. ಟೀಚರ್ ಅವರು. ಪ್ರತಿ ವರ್ಷ ಸೀಸನ್ನು ಶುರುವಾಗುವ ಮುಂಚೆ ದಂಡಿಗನಹಳ್ಳಿ ಕಡೆಯ ಊರುಗಳಲ್ಲೆಲ್ಲ ಸ್ಕೂಟರಿನಲ್ಲಿ ಮನೆಮನೆ ತಿರುಗುತ್ತಿದ್ದರು.

ನಮ್ಮ ಮನೆಗೆ ಬಂದಾಗ ಅಜ್ಜಿ ಸೆರಗೊಡ್ಡಿ ಎಲೆ ಅಡಿಕೆ ಈಸಿಕೊಂಡ ಮೇಲೆ, “ಯಾರ್ ಮದ್ವೆವ್ವಾ?” ಎಂದು ಕೇಳಿದಳು.

“ಮದ್ವೆ ಅಲ್ಲ ಕಣಜ್ಜಿ, ಆಟ. ನಿಮ್ ಮೊಮ್ಮಗ್ಳು ಚೆಂಡು ಚೆನ್ನಾಗಿ ಎಸೀತಾಳೆ, ಕಳಿಸ್ಕೊಡಿ.”

ಅಜ್ಜಿ ಪೆಚ್ಚಾದಳು. “ಈಸ್ಕಂಬುಟ್ನಲ್ಲ, ಇನ್ ಕಳಿಸ್ದೆ ಇರಾಕಾಯ್ತದಾ?”

ಹಾಗೆ ನಾನು ಟೀಮಿನಲ್ಲಿ ಚೆಂಡು ಎಸೆಯುವವಳಾದೆ.

ಟೀಮು ಎಂದರೆ ಏನೇನೋ ಊಹಿಸಿಕೊಳ್ಳಬೇಡಿ. ಇದ್ದದ್ದು ಹರಕು ಗ್ಲೌಸುಗಳು, ಒಂದೇ ಬ್ಯಾಟು. ಹಾಸನಕ್ಕೆ ಹೋಗುವುದು, ಮೊದಲ ಪಂದ್ಯದಲ್ಲೇ ಸೋಲುವುದು, ಮಿಸ್ ಕೊಡಿಸಿದ ಮಸಾಲೆ ದೋಸೆ ತಿಂದು ವಾಪಸ್ ಬಸ್ ಹತ್ತುವುದು. ಆದರೂ “ಈ ಸಲ ನಮ್ ಟೀಮು ಎಂಗೈತೆ ಮಿಸ್?” ಎಂದರೆ ಪ್ರತಿ ವರ್ಷವೂ ಒಂದೇ ಉತ್ತರ: “ಹೋದ್ಸಲಕ್ಕಿಂತ ಚೆನ್ನಾಗೈತೆ ಕಣ್ರೇ!” ಆಗ ಅವರ ಮುಖ ನೋಡಬೇಕಿತ್ತು. ಟ್ರೋಫಿ ಆಗಲೇ ಮನೆಯ ಬೀರುವಿನಲ್ಲಿ ಕೂತಿದೆ ಅನ್ನಬೇಕು, ಅಂಥ ಖುಷಿ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಚೆಂಡು ಬಡಿದು ನನ್ನ ಮುಂದಿನ ಹಲ್ಲೊಂದು ಮುರಿಯಿತು. ಮರುವರ್ಷ ಮಿಸ್ ಬಂದಾಗ ಅಪ್ಪ ಎಲೆ ಅಡಿಕೆ ಮುಟ್ಟಲೇ ಇಲ್ಲ.

“ಬ್ಯಾಡ ಮೇಡಮ್ಮೋರೆ. ಇನ್ನೊಂದ್ ಹಲ್ಲೂ ಹೋದ್ರೆ ಇವಳ್ನ ಯಾರ್ ಕಟ್ಕತ್ತಾರೆ?”

ನಾನು ಬಾಗಿಲ ಹಿಂದೆ ನಿಂತು ಗೊಳೋ ಎಂದು ಅಳುತ್ತಿದ್ದೆ. ಅದು ಸ್ಕೂಲಿನ ಕೊನೆಯ ವರ್ಷ. ಈಗ ಬಿಟ್ಟರೆ ನನಗೆ ಆಟ ಮುಗಿದಂತೆಯೇ.

ಮಿಸ್ ವಾದ ಮಾಡಲಿಲ್ಲ. ಬಾಯಿಗೆ ಬೆರಳು ಹಾಕಿ ಮುಂದಿನ ಎರಡು ಕಟ್ಟಿಸಿದ ಹಲ್ಲುಗಳನ್ನು ತೆಗೆದು ಅಂಗೈ ಮೇಲಿಟ್ಟರು.

“ಇತ್ಲಾಗ್ ನೋಡಣ್ಣಾ. ನಂದೂ ಆಟದಾಗೇ ಓಗಿದ್ದು. ನಂಗೆ ಮದ್ವೆ ಆಗ್ಲಿಲ್ವಾ? ನಮ್ಮೆಜಮಾನ್ರು ಇವತ್ತಿಗೂ ನಾನ್ ಹಾಕಿದ್ ಗೆರೆ ದಾಟಲ್ಲ!”

ಆ ಬೊಚ್ಚು ಬಾಯಿಂದ ಮಾತೆಲ್ಲ ಗಾಳಿಯಾಗಿ ಬಂತು. ಅಪ್ಪ ನಗು ಬಿಗಿಹಿಡಿಯಲಾಗದೆ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕೈ ಚಾಚಿ ಎಲೆ ಅಡಿಕೆ ಈಸಿಕೊಂಡರು. ಆ ವರ್ಷ ನಾವು ಒಂದು ಪಂದ್ಯ ಗೆದ್ದೆವು. ಮಿಸ್ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟರು.

ಈಗ ನಾನೂ ಅರಕಲಗೂಡಿನಲ್ಲಿ ಪಿ.ಟಿ. ಟೀಚರ್. ನನ್ನ ಹುಡುಗಿಯರ ಟೀಮೂ ಅಷ್ಟಕ್ಕಷ್ಟೇ. ಈ ಸೀಸನ್ನಿನ ಮೊದಲ ಪಂದ್ಯ ನೋಡಲು ಬನ್ನಿ ಎಂದು ಕರೆಯಲು ಹೊಳೆನರಸೀಪುರದ ಸುನಂದಾ ಮಿಸ್ ಮನೆಗೆ ಎಲೆ ಅಡಿಕೆ ಹಿಡಿದು ಹೋದೆ. ಮಿಸ್ ಹಾಸಿಗೆ ಹಿಡಿದಿದ್ದರು. ಮೈ ಇಳಿದು ಗುರುತೇ ಸಿಗುತ್ತಿರಲಿಲ್ಲ.

“ಟೀಮು ಎಂಗೈತೆ?” ಎಂದರು.

“ಹೋದ್ಸಲಕ್ಕಿಂತ ಚೆನ್ನಾಗೈತೆ ಮಿಸ್.”

“ನನ್ ಸುಳ್ಳು ನಂಗೇ ಹೇಳ್ತೀಯಾ, ಕಳ್ಳಿ!” ಎಂದು ಎಲೆ ಅಡಿಕೆ ಕಣ್ಣಿಗೊತ್ತಿಕೊಂಡರು. “ಬತ್ತೀನಿ ಕಣೇ. ಈಸ್ಕಂಡ್ ಮೇಲೆ ಬರ್ದೆ ಇರಾಕಾಯ್ತದಾ?” ನಮ್ಮಜ್ಜಿಯ ಮಾತನ್ನು ಅಷ್ಟು ವರ್ಷ ನೆನಪಿಟ್ಟಿದ್ದರು.

ಪಂದ್ಯಕ್ಕೆ ಇನ್ನೂ ವಾರವಿತ್ತು, ಮಿಸ್ ಹೋಗಿಬಿಟ್ಟರು.

ಪಂದ್ಯದ ದಿನ ಮೈದಾನದಲ್ಲಿ ಹುಡುಗಿಯರು ಸುತ್ತ ಬಂದು, “ನಮ್ ಟೀಮು ಎಂಗೈತೆ ಮಿಸ್?” ಎಂದು ಕೇಳಿದರು.

“ಹೋದ್ಸಲಕ್ಕಿಂತ ಚೆನ್ನಾಗೈತೆ ಕಣ್ರೇ,” ಎಂದೆ, ಗೇಟಿನ ಕಡೆಗೆ ನೋಡುತ್ತಾ.

ಎಲೆ ಅಡಿಕೆ ಈಸಿಕೊಂಡೂ ಬಾರದೆ ಹೋದವರು ಮಿಸ್ ಒಬ್ಬರೇ. ಅವರ ಮೇಲೆ ನನಗಿನ್ನೂ ಕೋಪವಿದೆ.