ಜಗಳೂರಿನಲ್ಲಿ ಬರೆದ ಎರಡು ವರ್ಗಾವಣೆ ಅರ್ಜಿ

ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದೂ ಗೆದ್ದೂ ಕೊನೆಗೆ ನಾನು ಬಂದು ಬಿದ್ದದ್ದು ಜಗಳೂರಿನ ಮಿಡ್ಲ್ ಸ್ಕೂಲಿಗೆ, ಇಂಗ್ಲಿಷ್ ಮೇಷ್ಟ್ರಾಗಿ. ನನ್ನೂರು ಹೊನ್ನಾಳಿ. ಹೇಗಾದರೂ ಅಲ್ಲಿಗೆ ವರ್ಗ ಮಾಡಿಸಿಕೊಳ್ಳಬೇಕು ಎಂಬುದೊಂದೇ ಧ್ಯಾನ. ನನ್ನ ಜೊತೆ ಕೋಣೆಯಲ್ಲಿದ್ದ ನ್ಯಾಮತಿ ಕಡೆಯ ಮೇಷ್ಟ್ರಿಗೂ ತನ್ನೂರಿನದೇ ಹಂಬಲ. ಜಗಳೂರಲ್ಲಿ ನನ್ನ ಎದುರು ವಾದಕ್ಕೆ ಕೂರುತ್ತಿದ್ದವನು ಅವನೊಬ್ಬನೇ.

ವರ್ಗದ ಅರ್ಜಿಗೆ ಮೇಷ್ಟ್ರುಗಳಲ್ಲಿ ಒಂದು ಪದ್ಧತಿಯಿತ್ತು. ಯಾರೇ ಬರೆಯಲಿ, ತಾಯಿಗೆ ಕಾಯಿಲೆ. ಅವನೂ ತಾಯಿ 'ಹೆವಿಲಿ ಇಲ್' ಎಂದು ಬರೆದು ನನ್ನ ಮುಂದಿಟ್ಟ.

"ಹೆವಿ ಆಗೋದು ಮಳೆ ಕಣೋ, ಕಾಯಿಲೆ ಅಲ್ಲ. 'ಸೀರಿಯಸ್ಲಿ ಇಲ್' ಅನ್ನು. ಇಲ್ಲಾಂದ್ರೆ 'ಡೇಂಜರಸ್ಲಿ ಇಲ್'."

"ಯಾವುದು ಜಾಸ್ತಿ?"

"ಡೇಂಜರಸ್ಲಿ. ಆದ್ರೆ ನಿಮ್ಮವ್ವ ಮೊನ್ನೆ ಇಲ್ಲಿಗೇ ಬಂದು ರೊಟ್ಟಿ ಬಡಿದು ಹೋದ್ರಲ್ಲೋ!"

"ಇಂಗ್ಲಿಷ್ ತಿದ್ದಾಕೆ ಕೊಟ್ಟೀನಿ, ನಮ್ಮವ್ವನ್ನಲ್ಲ."

ತಿದ್ದಿಕೊಟ್ಟೆ. ಸುಳ್ಳು ಅವನದು, ಭಾಷೆ ಮಾತ್ರ ನನ್ನದು. ಈ ವಾದವನ್ನು ಇವತ್ತಿಗೂ ಬಿಟ್ಟುಕೊಡಲಾರೆ. ನನ್ನ ಅರ್ಜಿಯಲ್ಲಿ ಇದ್ದದ್ದನ್ನೇ ಬರೆದೆ: ಮನೆಯವರೆಲ್ಲ 'ಪರ್ಫೆಕ್ಟ್ಲಿ ವೆಲ್', ನಾನು 'ಅಟರ್ಲಿ ಲೋನ್ಲಿ', ತೀರಾ ಒಂಟಿ.

ಅವನು ಬಿದ್ದು ಬಿದ್ದು ನಕ್ಕ. "ನಾನೇನು ಗೋಡೆಯೇನಲೇ? ಇಬ್ರು ಇರೋ ಕೋಣೆಯಾಗೆ ಅಟರ್ಲಿ ಹೆಂಗೆ ಬರ್ತೈತೆ? ಸುಮ್ನೆ ನಿಮ್ಮವ್ವನ್ನೂ ಹಾಸಿಗೆ ಹಿಡ್ಸು."

"ಆಗೋದಿಲ್ಲ."

"ಹಂಗಾರೆ ಇಲ್ಲೇ ಇರು, ಹರಿಶ್ಚಂದ್ರ!"

ಬೇಸಿಗೆ ರಜೆಗೆ ಮುಂಚೆ ಎರಡು ಆರ್ಡರೂ ಒಟ್ಟಿಗೇ ಬಂದವು. ನ್ಯಾಮತಿಗೆ ಹತ್ತಿರವೆಂದು ಅವನಿಗೆ ಹೊನ್ನಾಳಿಯನ್ನೇ ಕೊಟ್ಟಿದ್ದರು. ನನಗೆ ಬಂದದ್ದು ಒಂದೇ ಸಾಲು: ಮನೆಯವರು ಕ್ಷೇಮವಾಗಿರುವುದರಿಂದ ವರ್ಗಕ್ಕೆ ಕಾರಣ ಕಾಣುವುದಿಲ್ಲ.

ಬಸ್ಸು ಹೊರಡುವಾಗ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ: "ನಿಮ್ಮನೆಗೆ ಹೋಗ್ತೀನಿ. ನಿಮ್ಮವ್ವಗೆ ಏನು ಹೇಳ್ಲಿ?"

"ಚೆನ್ನಾಗೈದಾನೆ ಅಂತ ಹೇಳು."

ಅವನು ಈ ಸಲ ನಗಲಿಲ್ಲ.

ಆ ಸಂಜೆ ಹುಡುಗರ ಕಾಂಪೋಜಿಷನ್ ತಿದ್ದುತ್ತಿದ್ದೆ. ಒಬ್ಬ ತಮ್ಮ ಮನೆಯ ಎಮ್ಮೆ 'ಬ್ಯೂಟಿಫುಲಿ ಬ್ಲ್ಯಾಕ್' ಎಂದು ಬರೆದಿದ್ದ. ಗೀಟು ಹಾಕಲು ಹೊರಟವನು, "ಇದು ಹೆಂಗೋ ತಪ್ಪು?" ಎಂದು ಜೋರಾಗಿಯೇ ಕೇಳಿದೆ. ಎದುರಿಗೆ ಅವನ ಮಂಚ ಖಾಲಿ. ಎರಡೂ ಕಡೆಗೆ ನಾನೇ ವಾದಿಸಿ ನೋಡಿದೆ. ಯಾವ ಕಡೆಯೂ ಗೆಲ್ಲಲಿಲ್ಲ. ಗೀಟು ಹಾಕದೆ ಹಾಗೇ ಪಕ್ಕಕ್ಕಿಟ್ಟೆ.